ನಾಯಿಯ ನಡಿಗೆಯ ಪ್ರವಾಸ

ಕಳೆದ ಸಂಚಿಕೆಯಲ್ಲಿ ಮನೆಯ ಹಳೆಯ ತಾಳೆಗರಿ ಗ್ರಂಥಗಳನ್ನು ರಕ್ಷಿಸಿಕೊಳ್ಳುವ ಬಗೆಯನ್ನು ಕುರಿತು ಬರೆಯುತ್ತ, ಉಳಿದ ಭಾಗವನ್ನು ಈ ತಿಂಗಳು ಮುಗಿಸುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಮುಂದೆ ಹಾಕಬೇಕಾಗಿ ಬಂದುದಕ್ಕೆ ವಾಚಕ ಮಹಾಶಯರು ಕ್ಷಮಿಸಬೇಕು. ತಾಳೆಗರಿಗಳು ಊರಿನಲ್ಲಿವೆ; ನಾವು ಊರಿನಲ್ಲಿಲ್ಲ. ನಾವೂ ನಮ್ಮ ಗೃಹಿಣಿಯೂ ಎರಡು ತಿಂಗಳಿನಿಂದ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಲೀಡ್ಸ್ ನಗರದಲ್ಲಿ ಮಗಳು ಅಳಿಯಂದಿರ ಮನೆಯಲ್ಲಿದ್ದೇವೆ. ಆಗಸ್ಟ್ ತಿಂಗಳಿನಲ್ಲಿ ಮೊಮ್ಮಗನ ಶಾಲೆಗೆ ರಜೆ. ಆ ರಜೆಯಲ್ಲಿ ಹದಿನಾಲ್ಕು ದಿನಗಳ ಪ್ರವಾಸವೊಂದು ನಿಶ್ಚಯವಾಗಿದೆ. ಕಳೆದ ಮೂರು ವಾರಗಳಿಂದ ಈ ಮನೆಯಲ್ಲಿ ಊಟದ ಮೇಜಿನ ಮೇಲೆ ಅನ್ನದ ಪಾತ್ರೆಗಿಂತ ಭೂಪಟವೇ ಹೆಚ್ಚು ಹೊತ್ತು ಹರಡಿರುತ್ತದೆ. ಆದಕಾರಣ ಈ ತಿಂಗಳು ಆ ಪ್ರವಾಸದ ಸಿದ್ಧತೆಯನ್ನೇ ನಮ್ಮ ವಿಷಯವಾಗಿ ಮಾಡಿಕೊಂಡಿದ್ದೇವೆ. ಮಾತಿನ ನಡುವೆ ನಮ್ಮದೊಂದು ಹಳೆಯ ತಪ್ಪನ್ನೂ ಹೇಳಬೇಕಾಗಿದೆ.

ಪ್ರವಾಸವು ಕ್ಯಾರವಾನಿನಲ್ಲಿ. ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಮನೆ. ನಾವು ಇದನ್ನು ಬಂಡಿಮನೆ ಎಂದು ಕರೆಯುತ್ತಿದ್ದೇವೆ. ಒಳಗೆ ನಾಲ್ವರಿಗೆ ಹಾಸಿಗೆ, ಒಂದು ಒಲೆ, ಕೈತೊಳೆಯುವ ತೊಟ್ಟಿ, ಒಂದು ಸಣ್ಣ ಶೌಚದ ಕೋಣೆ. ಕ್ಯಾರವಾನ್ ಎಂಬ ಶಬ್ದವು ಪಾರಸೀಕ ಭಾಷೆಯಿಂದ ಬಂದುದು. ಮರುಭೂಮಿಯಲ್ಲಿ ಒಟ್ಟಾಗಿ ಪ್ರಯಾಣ ಮಾಡುವ ವರ್ತಕರ ಗುಂಪಿಗೆ ಆ ಹೆಸರು. ಸಂಸ್ಕೃತದಲ್ಲಿ ಇದಕ್ಕೆ ಸಾರ್ಥವೆಂದು ಹೆಸರು. ಅದರ ನಾಯಕನೇ ಸಾರ್ಥವಾಹ. ನಳೋಪಾಖ್ಯಾನವನ್ನು ಓದಿದವರಿಗೆ ನೆನಪಿರಬಹುದು. ಪತಿಯನ್ನು ಕಳೆದುಕೊಂಡು ಕಾಡಿನಲ್ಲಿ ಅಲೆಯುತ್ತಿದ್ದ ದಮಯಂತಿಯು ಚೇದಿದೇಶಕ್ಕೆ ಹೊರಟಿದ್ದ ಇಂತಹದೊಂದು ಸಾರ್ಥವನ್ನು ಕೂಡಿಕೊಳ್ಳುತ್ತಾಳೆ. ವರ್ತಕರು ಸೊಗಸಾದ ತಾವರೆಗೊಳವೊಂದನ್ನು ಕಂಡು ಅಲ್ಲೇ ಬೀಡುಬಿಡುತ್ತಾರೆ. ನಡುರಾತ್ರಿಯಲ್ಲಿ ಕಾಡಾನೆಗಳ ಹಿಂಡು ಬಂದು ಮಲಗಿದ್ದವರನ್ನು ತುಳಿದುಹಾಕುತ್ತದೆ. ನೋಟ ಚೆನ್ನಾಗಿದೆಯೆಂದ ಮಾತ್ರಕ್ಕೆ ಅಲ್ಲಿ ಇಳಿಯಬಾರದು, ಇಳಿಯುವ ಮೊದಲು ಆ ನೆಲ ಯಾರದು, ಯಾರ ದಾರಿ ಎಂಬುದನ್ನು ವಿಚಾರಿಸಬೇಕು ಎಂಬುದು ಆ ಕಥೆಯಿಂದ ಪ್ರವಾಸಿಗಳು ಕಲಿಯತಕ್ಕ ಪಾಠ. ಇಂಗ್ಲೆಂಡಿನಲ್ಲಿ ಆನೆಗಳ ಭಯವಿಲ್ಲವಾದರೂ ಪಾಠವು ಅಳಿದಿಲ್ಲವೆಂಬುದನ್ನು ಮುಂದೆ ಹೇಳುತ್ತೇವೆ.

ಇನ್ನು ಪ್ರಯಾಣಿಕರ ಪರಿಚಯ. ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗ, ನಾವಿಬ್ಬರು, ಮತ್ತು ಗುಂಡ. ಹಾಸಿಗೆಗಳು ನಾಲ್ಕು, ಮನುಷ್ಯರು ಐವರು ಎಂದು ಲೆಕ್ಕದ ಮೇಷ್ಟ್ರುಗಳು ಆಕ್ಷೇಪಿಸಬಹುದು. ಅಳಿಯನು ಬಂಡಿಮನೆಯ ಮಗ್ಗುಲಿಗೆ ಕಟ್ಟುವ ಗುಡಾರದಲ್ಲಿ ಮಲಗುವವನು. ಗುಂಡನು ಈ ಮನೆಯ ನಾಯಿ. ಅನಾಥ ನಾಯಿಗಳ ಆಶ್ರಯದಿಂದ ಮರಿಯಾಗಿ ತಂದದ್ದು. ಈಗ ಹನ್ನೆರಡು ವರ್ಷ ವಯಸ್ಸು. ಬಣ್ಣ ಕಪ್ಪು, ಮುಸುಡಿ ನರೆತಿದೆ. ಹಿಂಗಾಲಿನ ಕೀಲುಗಳಲ್ಲಿ ವಾತ. ಹುಟ್ಟಿದ್ದು ಇಂಗ್ಲೆಂಡಿನಲ್ಲಾದರೂ ಮಗಳು ಕಲಿಸಿದ ಭಾಷೆ ಕನ್ನಡ. “ಬಾ”, “ಕೂತ್ಕೋ”, “ಸಾಕು” ಎಂಬ ಮೂರು ಮಾತಿಗೆ ಅದು ತಲೆ ಎತ್ತುತ್ತದೆ. ಬೀದಿಯವರು ಇಂಗ್ಲಿಷಿನಲ್ಲಿ ಎಷ್ಟು ಮುದ್ದುಮಾಡಿದರೂ ಶಿಷ್ಟಾಚಾರಕ್ಕೆ ಬಾಲ ಅಲ್ಲಾಡಿಸಿ ಸುಮ್ಮನಾಗುತ್ತದೆ.

ಅಳಿಯನು ಮೊದಲು ಹಾಕಿದ ಯೋಜನೆ ಹೀಗಿತ್ತು: ಲೀಡ್ಸ್‌ನಿಂದ ಹೊರಟು ಎಡಿನ್‌ಬರೋ ಮಾರ್ಗವಾಗಿ ಸ್ಕಾಟ್ಲೆಂಡಿನ ಇನ್ವರ್‌ನೆಸ್ ಸೇರುವುದು, ಅದು ಸುಮಾರು ೩೭೦ ಮೈಲು, ಅಲ್ಲಿಂದ ಉತ್ತರ ಸಮುದ್ರತೀರವನ್ನು ಸುತ್ತುವ, ೨೦೧೫ರಿಂದ ಪ್ರಸಿದ್ಧಿಗೆ ಬಂದ ನಾರ್ತ್ ಕೋಸ್ಟ್ ೫೦೦ ಎಂಬ ಮಾರ್ಗದಲ್ಲಿ ಒಂದು ಸುತ್ತು, ಅದು ೫೧೬ ಮೈಲು, ಮತ್ತೆ ಬಂದ ದಾರಿಯಲ್ಲೇ ಹಿಂದಕ್ಕೆ. ಹದಿನಾಲ್ಕು ದಿನಗಳಲ್ಲಿ ಹನ್ನೆರಡು ಬೀಡು, ಹೆಚ್ಚುಕಡಮೆ ಸಾವಿರದ ಇನ್ನೂರೈವತ್ತು ಮೈಲು. ಇದರಲ್ಲಿ ಗುಂಡನ ಹೆಸರಿರಲಿಲ್ಲ. ಪ್ರವಾಸ ಹೋಗುವವರು ನಾಯಿಗಳನ್ನು ಬಿಟ್ಟುಹೋಗುವ ವಸತಿಗಳು ಇಲ್ಲಿ ಉಂಟು. ದಿನಕ್ಕಿಷ್ಟೆಂದು ಹಣ ಕೊಟ್ಟರೆ ಅವರು ಅನ್ನ, ನೀರು, ಔಷಧಿ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. “ಅದಕ್ಕೆ ವಯಸ್ಸಾಯಿತು ಮಾವ, ಅಷ್ಟು ದೂರ ತಡೆಯುವುದಿಲ್ಲ” ಎಂದು ಅಳಿಯನು ಹೇಳಿದನು. ಅವನ ಮಾತಿನಲ್ಲಿ ನಿರ್ದಯೆ ಇರಲಿಲ್ಲ, ವಿವೇಕವೇ ಇತ್ತು. ನಾವೂ ತಲೆಯಾಡಿಸಿದೆವು.

ಆಗ ಅಡಿಗೆಯ ಒಲೆಯ ಮುಂದಿದ್ದ ನಮ್ಮ ಗೃಹಿಣಿಯು ಹಿಂದಿರುಗಿ ನೋಡದೆಯೇ, “ಕರಿಯನಿಗೆ ಮಾಡಿದ್ದನ್ನೇ ಇದಕ್ಕೂ ಮಾಡುವುದೇನು?” ಎಂದು ಕೇಳಿದಳು.

ಆಕೆಯು ಮಡಿಯನ್ನು ಇಂದಿಗೂ ಬಿಟ್ಟವಳಲ್ಲ. ಇಲ್ಲಿಗೆ ಬಂದ ಮೊದಲ ದಿನವೇ ಅಡಿಗೆಮನೆಯ ಹೊಸ್ತಿಲಲ್ಲಿ ರಂಗೋಲಿಯ ಗೆರೆಯೊಂದನ್ನೆಳೆದು, ನಾಯಿ ಇದನ್ನು ದಾಟಕೂಡದೆಂದು ವಿಧಿಸಿದವಳು. ಅಂಥವಳ ಬಾಯಿಂದ ಮೂವತ್ತು ವರ್ಷಗಳ ಹಿಂದಿನ ಆ ಹೆಸರು ಬಂದಾಗ ನಮಗೆ ಉತ್ತರ ಹೊಳೆಯಲಿಲ್ಲ. ಅಳಿಯನು ಕರಿಯನೆಂದರೆ ಯಾರೆಂದು ಕೇಳಿದನು. ಅವನಿಗೆ ಅಂದು ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇವೆ.

೧೯೯೩ರಲ್ಲಿ ನಾವು ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ಅಲ್ಲಿಂದ ಹಿರಿಯೂರಿನ ಕಡೆಗೆ ವರ್ಗವಾಯಿತು. ಸಾಮಾನು ಸಾಗಿಸಲು ಲಾರಿ ಗೊತ್ತುಮಾಡಿ, ಪಾತ್ರೆ, ಮಂಚ, ಪುಸ್ತಕದ ಪೆಟ್ಟಿಗೆಗಳು, ಕೊನೆಗೆ ತುಳಸಿಯ ಕುಂಡವನ್ನು ಸಹ ಏರಿಸಿದೆವು. ನಾಲ್ಕು ವರ್ಷ ನಮ್ಮ ಜಗಲಿಯಲ್ಲಿ ಮಲಗಿ ರಾತ್ರಿಯೆಲ್ಲ ಕಾವಲಿದ್ದ ಕರಿಯನೆಂಬ ನಾಯಿಯನ್ನು ಏರಿಸಲಿಲ್ಲ. ಬಾಡಿಗೆಯ ಮನೆಯವರು ಏನೆನ್ನುವರೋ ಎಂಬ ಸಂಕೋಚ. ಊರ ನಾಯಿ, ಊರಿನಲ್ಲೇ ಯಾರಾದರೂ ಅನ್ನ ಹಾಕುವರು ಎಂಬ ಸಮಾಧಾನ. ಲಾರಿ ಹೊರಟಿತು. ಕರಿಯನು ಹಿಂದೆ ಓಡಿಬಂದಿತು. ಒಂದು ಮೈಲು ಕಳೆದ ಮೇಲೆ ಗೃಹಿಣಿಯು “ನಿಲ್ಲಿಸಿರಿ” ಎಂದಳು. ಚಾಲಕನು ನಮ್ಮ ಮುಖ ನೋಡಿದನು. ಕತ್ತಲಾಗುವುದರೊಳಗೆ ಘಟ್ಟದ ತಿರುವುಗಳನ್ನು ದಾಟಬೇಕೆಂದು ನಾವು ಹೋಗಲು ಹೇಳಿದೆವು. ಎರಡನೆಯ ಮೈಲಿನ ಸೇತುವೆಯ ಬಳಿ ಅದು ನಿಂತಿತು. ಬೊಗಳಲಿಲ್ಲ. ನಿಂತು ನೋಡುತ್ತಿತ್ತು. ಮುಂದೆ ಅದೇನಾಯಿತೆಂದು ತಿಳಿಯಲು ನಾವು ಒಂದು ಕಾಗದವನ್ನೂ ಬರೆಯಲಿಲ್ಲ.

ಇದರಲ್ಲಿ ಹೆಚ್ಚು ನಾಚಿಕೆಯ ಸಂಗತಿ ಬೇರೆಯುಂಟು. ಹೊಸ ಶಾಲೆಗೆ ಹೋದ ತಿಂಗಳಿನಲ್ಲೇ ನಾವು ಮಕ್ಕಳಿಗೆ ಮಹಾಪ್ರಸ್ಥಾನಿಕ ಪರ್ವದ ಕಥೆಯನ್ನು ಹೇಳಿದೆವು. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದಮೇಲೆ ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ. ಇಂದ್ರನು ರಥ ತಂದು, ನಾಯಿಯನ್ನು ಬಿಟ್ಟು ಏರೆಂದಾಗ, ನಂಬಿ ಬಂದುದನ್ನು ಬಿಟ್ಟು ಪಡೆಯುವ ಸ್ವರ್ಗ ಬೇಡವೆಂದು ಅವನು ನಿಂತನು. ಆ ನಾಯಿ ಸಾಕ್ಷಾತ್ ಧರ್ಮದೇವತೆಯಾಗಿತ್ತು. ಇದನ್ನು ನಾವು ಚೆನ್ನಾಗಿಯೇ ಹೇಳಿದೆವು. ಹೇಳುವಾಗ ನಮ್ಮ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ. ಆಮೇಲೆ ನಿವೃತ್ತಿಯಾಗುವವರೆಗೆ ಎಷ್ಟೋ ಸಲ ಅದೇ ಕಥೆಯನ್ನು ಹೇಳಿದ್ದೇವೆ. ಸೇತುವೆಯ ಬಳಿಯ ನಾಯಿಯು ನೆನಪಿಗೆ ಬರತೊಡಗಿದ್ದು ಬಹು ತಡವಾಗಿ.

ಇಷ್ಟನ್ನು ಕೇಳಿ ಅಳಿಯನು ಏನೂ ಹೇಳದೆ ತನ್ನ ಕಾಗದವನ್ನು ಮಡಿಚಿ ಇಟ್ಟನು. ಮರುದಿನ ಸಂಜೆ ಬೇರೆ ಕಾಗದ ತಂದು, ಮೇಲಿನ ಪಂಕ್ತಿಯಲ್ಲಿ “ಗುಂಡನಿಂದ ಏನು ಸಾಧ್ಯ?” ಎಂದು ಬರೆದು ಕೆಳಗೆ ಗೆರೆ ಎಳೆದನು. ಹೊಸ ಯೋಜನೆ ಹುಟ್ಟಿದ್ದು ಅಲ್ಲಿಂದ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆಯೇ ಗುಂಪಿನ ಹೆಜ್ಜೆಯಾಗತಕ್ಕದ್ದು ಎಂಬುದು ಹಿಂದೆ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರ ನಿಯಮ. ಅದನ್ನೇ ಇಲ್ಲಿಯೂ ಹಿಡಿದೆವು.

ಮಗಳು ತನ್ನ ಪಶುವೈದ್ಯರನ್ನು ಕಂಡು ಬಂದಳು. ಅವರು ಹೇಳಿದ್ದು: ಕಾರಿನಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಬೇಡ, ಇಳಿಸಿ ನಡೆಸಿ ನೀರು ಕೊಡಬೇಕು. ಹೊರಡುವ ಮುನ್ನ ಒಂದೆರಡು ಗಂಟೆ ಹೊಟ್ಟೆ ತುಂಬ ಉಣಿಸಬಾರದು. ನಡಿಗೆ ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಜಿಗಿತ ಮಾತ್ರ ಕೂಡದು. ಬಂಡಿಮನೆಯ ಮೆಟ್ಟಿಲನ್ನು ಹಾರಿ ಏರುವುದು ಕೀಲಿನ ರೋಗಕ್ಕೆ ಕೆಟ್ಟದ್ದು. ಅಳಿಯನು ಹಲಗೆಯೊಂದಕ್ಕೆ ಹಳೆಯ ಜಮಖಾನೆಯ ತುಂಡನ್ನು ಹೊಡೆದು ಇಳಿಜಾರಾದ ಸೋಪಾನವನ್ನು ಮಾಡಿದ್ದಾನೆ. ಗುಂಡನು ಮೊದಲೆರಡು ದಿನ ಅದನ್ನು ಮೂಸಿ ನೋಡಿ ಹಿಂದಿರುಗಿತು. ಮೂರನೆಯ ದಿನ ಮೊಮ್ಮಗನು ಮೇಲಿನ ತುದಿಯಲ್ಲಿ ದೋಸೆಯ ತುಂಡು ಹಿಡಿದು ಕುಳಿತದ್ದರಿಂದ ಶಾಸ್ತ್ರವು ಪ್ರಯೋಗಕ್ಕೆ ಬಂದಿತು.

ನಾಯಿಯನ್ನು ಎಲ್ಲಿ ಕೂರಿಸುವುದೆಂಬುದು ಮುಂದಿನ ಪ್ರಶ್ನೆ. ಚಲಿಸುತ್ತಿರುವ ಬಂಡಿಮನೆಯೊಳಗೆ ಮನುಷ್ಯರು ಕೂರಕೂಡದೆಂದು ಇಲ್ಲಿಯ ರಸ್ತೆಯ ನಿಯಮ. ನಾಯಿಯನ್ನೂ ಅಲ್ಲಿ ಬಿಡುವುದು ಅಪಾಯವೇ. ಕಾರಿನಲ್ಲಿಯೂ ಅದನ್ನು ಸಡಿಲಾಗಿ ಬಿಡಬಾರದು. ಎದೆಪಟ್ಟಿಯಿಂದ ಆಸನಕ್ಕೆ ಬಿಗಿಯಬೇಕು, ಇಲ್ಲವೇ ಪಂಜರದಲ್ಲಾಗಲಿ ಅಡ್ಡಜಾಲರಿಯ ಹಿಂದಾಗಲಿ ಇರಿಸಬೇಕು. ಅವಸರದಲ್ಲಿ ಬ್ರೇಕು ಒತ್ತಿದಾಗ ಸಡಿಲಾದ ನಾಯಿ ತಾನೂ ಪೆಟ್ಟು ತಿನ್ನುತ್ತದೆ, ಮುಂದೆ ಕುಳಿತವರಿಗೂ ಪೆಟ್ಟು ಕೊಡುತ್ತದೆ. ಕೊರಳಪಟ್ಟಿಯಲ್ಲಿ ಯಜಮಾನನ ಹೆಸರು ವಿಳಾಸವಿರಬೇಕೆಂದು ೧೯೯೨ರ ಆಜ್ಞೆಯುಂಟು. ೨೦೧೬ರ ಏಪ್ರಿಲಿನಿಂದ ಇಂಗ್ಲೆಂಡಿನಲ್ಲಿ ಪ್ರತಿಯೊಂದು ನಾಯಿಯ ಚರ್ಮದಡಿಯಲ್ಲೂ ಅಕ್ಕಿಕಾಳಿನಷ್ಟು ಗಾತ್ರದ ಗುರುತಿನ ಚಿಪ್ಪು ಇರಬೇಕೆಂದು ವಿಧಿಯಾಗಿದೆ. ಗುಂಡನಿಗೆ ಎರಡೂ ಇವೆ. ಚಿಪ್ಪಿನ ದಾಖಲೆಯಲ್ಲಿ ಮಾತ್ರ ಮಗಳ ಹಳೆಯ ದೂರವಾಣಿ ಸಂಖ್ಯೆಯೇ ಉಳಿದಿತ್ತು. ಅದನ್ನು ತಿದ್ದಿಸಿದೆವು. ಗುರುತು ಇದ್ದೂ ಹಳೆಯದಾಗಿದ್ದರೆ ಇಲ್ಲದುದಕ್ಕೆ ಸಮಾನ.

ಬಿಸಿಲಿನ ವಿಷಯವನ್ನು ನಮ್ಮ ದೇಶದವರೂ ಗಮನಿಸಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ. ಮುಖ್ಯವಾಗಿ ನಾಲಿಗೆ ಚಾಚಿ ಏದುವುದರಿಂದಲೇ ಅದು ಮೈಯನ್ನು ತಂಪು ಮಾಡಿಕೊಳ್ಳುತ್ತದೆ. ಸುತ್ತಲ ಗಾಳಿಯೇ ಬಿಸಿಯಾದರೆ ಆ ಉಪಾಯ ನಡೆಯುವುದಿಲ್ಲ. ಹೊರಗೆ ೨೨ ಡಿಗ್ರಿ ಸೆಲ್ಸಿಯಸ್ ಇರುವಾಗಲೂ ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ ೪೭ ಡಿಗ್ರಿಯವರೆಗೂ ಶಾಖವೇರಬಹುದು. ಬಂಡಿಮನೆಯೂ ಗೋಡೆ ತೆಳುವಾದ ಪೆಟ್ಟಿಗೆಯೇ ಸರಿ. ಆದಕಾರಣ ಗುಂಡನನ್ನು ಎರಡರಲ್ಲಿಯೂ ಒಂಟಿಯಾಗಿ ಬಿಡುವುದಿಲ್ಲವೆಂದು ನಿಶ್ಚಯಿಸಿದ್ದೇವೆ. ಎಲ್ಲರೂ ನೋಡಲೇಬೇಕಾದ ಸ್ಥಳಕ್ಕೆ ನಾಯಿಗೆ ಪ್ರವೇಶವಿಲ್ಲದಿದ್ದರೆ ಒಬ್ಬರು ಹೊರಗೆ ನೆರಳಿನಲ್ಲಿ ಅದರೊಡನೆ ಕುಳಿತಿರುವುದು. ಆ ಒಬ್ಬರು ಬಹುಮಟ್ಟಿಗೆ ನಾವೇ. ಪುಸ್ತಕವೊಂದು ಕೈಯಲ್ಲಿದ್ದರೆ ಇದು ನಷ್ಟದ ವ್ಯಾಪಾರವಲ್ಲ.

ಅಡಿಗೆಯ ವಿಷಯದಲ್ಲಿ ಗೃಹಿಣಿಗೆ ಆಶ್ಚರ್ಯವೊಂದು ಕಾದಿತ್ತು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸತಕ್ಕವುಗಳು. ಆಗಸ್ಟಿನಲ್ಲಿ ಚಾತುರ್ಮಾಸ್ಯವಾದುದರಿಂದ ಆಕೆಯು ಹೇಗೂ ಅವನ್ನು ಮುಟ್ಟುವುದಿಲ್ಲ. ವ್ರತದ ಫಲದಲ್ಲಿ ಗುಂಡನಿಗೂ ಪಾಲು ದೊರೆಯಿತು. ಆದರೆ ದ್ರಾಕ್ಷಿ, ಒಣದ್ರಾಕ್ಷಿಗಳೂ ನಾಯಿಯ ಮೂತ್ರಪಿಂಡಕ್ಕೆ ವಿಷವೆಂದು ಕೇಳಿ ಆಕೆಯು ಪೆಚ್ಚಾದಳು. ರಂಗೋಲಿಯ ಗೆರೆಯ ಆಚೆಗೆ ಪಾಯಸದ ದ್ರಾಕ್ಷಿಯೊಂದೊಂದನ್ನು ಗುಟ್ಟಾಗಿ ಎಸೆಯುತ್ತಿದ್ದುದು ಅಂದು ಬಯಲಾಯಿತು. ಈಗ ದ್ರಾಕ್ಷಿಯ ಬದಲು ಬೇಯಿಸಿದ ಗಜ್ಜರಿಯ ತುಂಡು ನೈವೇದ್ಯವಾಗುತ್ತಿದೆ. ನಾಯಿ ಸಾಕಿದ ವಾಚಕರು ಇದನ್ನು ಹಬ್ಬದ ದಿನಗಳಲ್ಲಿ ನೆನಪಿಡಬೇಕು. ಚಾಕೊಲೇಟೂ ನಾಯಿಗೆ ವಿಷವೇ.

ತೂಕದ ಲೆಕ್ಕವು ಅಳಿಯನ ಭಾಗಕ್ಕೆ ಬಂದದ್ದು. ಎಳೆಯುವ ಕಾರಿನ ತೂಕಕ್ಕಿಂತ ತುಂಬಿದ ಬಂಡಿಮನೆಯ ತೂಕವು ನೂರಕ್ಕೆ ೮೫ ಭಾಗವನ್ನು ಮೀರದಿದ್ದರೆ ಹೊಸಬರಿಗೆ ಕ್ಷೇಮವೆಂದು ಇಲ್ಲಿಯವರ ಸೂತ್ರ. ನಮ್ಮ ಕಾರು ೧೬೦೦ ಕಿಲೋ. ಆದ್ದರಿಂದ ಬಂಡಿಮನೆ ೧೩೬೦ ಕಿಲೋವನ್ನು ದಾಟಬಾರದು. ನಾವು ಬಾಡಿಗೆಗೆ ಗೊತ್ತುಮಾಡಿದ್ದು ತುಂಬಿದಾಗ ೧೩೦೦ ಕಿಲೋ. ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದಲ್ಲಿ ನೂರಕ್ಕೆ ೫ರಿಂದ ೭ ಭಾಗವಿರಬೇಕು. ಕಡಮೆಯಾದರೆ ಬಂಡಿಯು ಹಾವಿನಂತೆ ಹೊಯ್ದಾಡುತ್ತದೆ. ಭಾರವಾದ ವಸ್ತುಗಳು ಕೆಳಗೆ, ಗಾಲಿಯ ಅಚ್ಚಿನ ನೇರಕ್ಕೆ. ಹಗುರವಾದವು ಮೇಲಿನ ಗೂಡುಗಳಲ್ಲಿ. ಎತ್ತಿನ ಗಾಡಿಗೆ ಮೂಟೆ ಹೇರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೂಗಿನ ಕಡೆ ಭಾರವಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂದೆ ಭಾರವಾದರೆ ನೊಗ ಮೇಲೇಳುತ್ತದೆ. ನಮಗೆ ಸಾಮಾನು ತುಂಬಲು ಇರುವ ಅವಕಾಶ ಸುಮಾರು ೧೫೦ ಕಿಲೋ ಮಾತ್ರ. ಅವಲಕ್ಕಿ, ರವೆ, ಹುಳಿಪುಡಿ, ಚಟ್ನಿಪುಡಿಗಳು ತೂಗಿ ಒಳಗಾದವು. ನಮ್ಮ ಪುಸ್ತಕಗಳು ಏಳರಿಂದ ಎರಡಕ್ಕೆ ಇಳಿದವು. ಗುಂಡನ ಹಳೆಯ ಕಂಬಳಿಯನ್ನು ಮಾತ್ರ ಯಾರೂ ತೂಗಲಿಲ್ಲ. ಹೊಸ ಸ್ಥಳದಲ್ಲಿ ಮನೆಯ ವಾಸನೆಯಿರುವ ಆ ಒಂದು ವಸ್ತುವಿಲ್ಲದೆ ನಾಯಿಗೆ ನಿದ್ದೆ ಬಾರದು.

ಬಂಡಿ ಎಳೆಯುವಾಗ ಇಲ್ಲಿ ಸಾಧಾರಣ ರಸ್ತೆಯಲ್ಲಿ ಗಂಟೆಗೆ ೫೦ ಮೈಲು, ಹೆದ್ದಾರಿಯಲ್ಲಿ ೬೦ ಮೈಲು ಮಿತಿ. ಮಿತಿಯಷ್ಟನ್ನೂ ಬಳಸಿಕೊಳ್ಳಲೇಬೇಕೆಂದು ಯಾರೂ ಹೇಳಿಲ್ಲ. ಈ ನಿಧಾನದ ವಿದ್ಯೆಗೆ ಇಲ್ಲಿ ಒಬ್ಬ ಮೂಲಪುರುಷನೇ ಉಂಟು. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯರು, ಬಾಲಕರಿಗಾಗಿ ಕಥೆಗಳನ್ನು ಬರೆದವರು, ೧೮೮೫ರಲ್ಲಿ ಬ್ರಿಸ್ಟಲಿನ ಬಂಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಮನೆಬಂಡಿಯನ್ನು ಮಾಡಿಸಿ, ಎರಡು ಕುದುರೆಗಳನ್ನು ಹೂಡಿ, ಇಂಗ್ಲೆಂಡಿನ ದಕ್ಷಿಣದ ಟ್ವೈಫರ್ಡ್ ಗ್ರಾಮದಿಂದ ಇನ್ವರ್‌ನೆಸ್ಸಿನವರೆಗೆ ಪ್ರಯಾಣ ಮಾಡಿದರು. ವಿನೋದಕ್ಕಾಗಿ ಕಟ್ಟಿಸಿದ ಕ್ಯಾರವಾನುಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧಿ. ಸಂಗಡ ಒಬ್ಬ ಸಾರಥಿ, ತ್ರಿಚಕ್ರಿಯ ಮೇಲೆ ಮುಂದೆ ಹೋಗಿ ದಾರಿ ನೋಡುವ ಒಬ್ಬ ಸೇವಕ, ಒಂದು ಸಾಕುಹಕ್ಕಿ, ಮತ್ತು ಹರಿಕೇನ್ ಬಾಬ್ ಎಂಬ ಹೆಸರಿನ ಭಾರಿ ನ್ಯೂಫೌಂಡ್‌ಲೆಂಡ್ ನಾಯಿ. ಮರುವರ್ಷ ಅವರು ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ ಹದಿಮೂರು ನೂರು ಮೈಲುಗಳೆಂಬ ಮಾತಿದೆ. ೧೯೦೭ರಲ್ಲಿ ಇಲ್ಲಿ ಕ್ಯಾರವಾನ್ ಸಂಘ ಸ್ಥಾಪಿತವಾದಾಗ ಅವರನ್ನು ಉಪಾಧ್ಯಕ್ಷರನ್ನಾಗಿ ಮಾಡಿದರು. ಅವರು ಕುದುರೆಯ ಹೆಜ್ಜೆಯಲ್ಲಿ ಕ್ರಮಿಸಿದಷ್ಟು ದೂರವನ್ನೇ ನಾವು ಹದಿನಾಲ್ಕು ದಿನಗಳಲ್ಲಿ ಮುಗಿಸಲು ಹೊರಟಿದ್ದೆವಲ್ಲಾ ಎಂದು ಅಳಿಯನು ನಕ್ಕನು.

ಹೊಸ ಯೋಜನೆಯಲ್ಲಿ ಬೀಡುಗಳು ಮೂರೇ, ಎಲ್ಲವೂ ಲೀಡ್ಸಿನ ವಾಯವ್ಯಕ್ಕೆ. ಮೊದಲ ನಾಲ್ಕು ದಿನ ವಾರ್ಫ್ ನದಿಯ ಕಣಿವೆಯಲ್ಲಿ, ಬೋಲ್ಟನ್ ಆ್ಯಬಿಯ ಸಮೀಪ. ಅಲ್ಲಿ ೧೧೫೪ರಲ್ಲಿ ಸ್ಥಾಪಿತವಾಗಿ ೧೫೩೯ರಲ್ಲಿ ಮುಚ್ಚಿಹೋದ ಕ್ರೈಸ್ತ ಮಠದ ಅವಶೇಷವೂ ನದಿ ದಾಟುವ ಮೆಟ್ಟುಗಲ್ಲುಗಳೂ ಉಂಟು. ಅಲ್ಲೇ ಮೇಲ್ಗಡೆ ಸ್ಟ್ರಿಡ್ ಎಂಬಲ್ಲಿ ಆ ನದಿಯೆಲ್ಲವೂ ಬಂಡೆಗಳ ನಡುವೆ ಒಂದು ಸಣ್ಣ ಸಂದಿಗೆ ಇಳಿಯುತ್ತದೆ. ನೋಡಿದರೆ ಹಾರಿಬಿಡಬಹುದೆನ್ನಿಸುತ್ತದೆ, ಹಾರಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಆ ದಡದಲ್ಲಿ ಗುಂಡನ ಹಗ್ಗ ನಮ್ಮ ಕೈಯಲ್ಲಿ, ಮೊಮ್ಮಗನ ಕೈ ಅವನ ತಾಯಿಯ ಕೈಯಲ್ಲಿ. ತಾವರೆಗೊಳದ ಪಾಠ ಇಲ್ಲಿಯೂ ಸಲ್ಲುತ್ತದೆ.

ಎರಡನೆಯ ಬೀಡು ವೆನ್‌ಸ್ಲಿಡೇಲಿನ ಹಾಸ್ ಎಂಬ ಊರಿನ ಬಳಿ, ಐದು ದಿನ. ಅಲ್ಲಿಗೆ ಫ್ಲೀಟ್ ಮಾಸ್ ಎಂಬ ಹತ್ತಿರದ ಘಟ್ಟದ ದಾರಿಯುಂಟು. ಕಡಿದು ಏರು, ಬಂಡಿಗೆ ಸಲ್ಲದು. ಆದ್ದರಿಂದ ಸ್ಕಿಪ್ಟನ್, ಇಂಗಲ್‌ಟನ್ ಸುತ್ತಿಕೊಂಡು, ಇಪ್ಪತ್ತನಾಲ್ಕು ಕಮಾನುಗಳ ರಿಬ್ಬಲ್‌ಹೆಡ್ ರೈಲು ಸೇತುವೆಯ ಪಕ್ಕದಿಂದ ಹೋಗುವುದು. ಮೂರನೆಯದು ಈಡನ್ ನದಿಯ ಕಣಿವೆಯಲ್ಲಿ, ಕರ್ಕ್‌ಬಿ ಸ್ಟೀಫನ್ ಸಮೀಪ, ಉಳಿದ ದಿನಗಳು. ಬೀಡಿನಿಂದ ಬೀಡಿಗೆ ಹೋಗುವ ದಿನ ಬೇರೆ ಯಾವ ಕಾರ್ಯಕ್ರಮವೂ ಇಲ್ಲ. ಬೀಡುಬಿಟ್ಟ ಮರುದಿನವೂ ಇಲ್ಲ.

ಈ ಮೂರೂ ಕಡೆಗಳಲ್ಲಿ ಕ್ಯಾರವಾನ್ ಸಂಘದವರು ಸದಸ್ಯರಿಗಾಗಿ ಮಾನ್ಯಮಾಡಿದ, ಐದು ಬಂಡಿಗಳಿಗಿಂತ ಹೆಚ್ಚಿಗೆ ಎಡೆಯಿಲ್ಲದ ಸಣ್ಣ ತಾಣಗಳನ್ನು ಹುಡುಕಿದೆವು. ಹೊಲದ ಮೂಲೆ, ಒಂದು ನೀರಿನ ನಲ್ಲಿ, ಕಶ್ಮಲ ಚೆಲ್ಲುವ ಗುಂಡಿ, ಇಷ್ಟೇ. ದೊಡ್ಡ ತಾಣಗಳಲ್ಲಿ ಅನುಕೂಲ ಹೆಚ್ಚು, ಗದ್ದಲವೂ ಹೆಚ್ಚು. ಮುದಿನಾಯಿಗೂ ಮುದಿಮೇಷ್ಟ್ರಿಗೂ ಸಣ್ಣದೇ ಹಿತ. ಕರಾರು ಮಾಡುವ ಮುನ್ನ ಮಗಳು ಪ್ರತಿಯೊಂದು ಕಡೆಗೂ ಮೂರು ಪ್ರಶ್ನೆ ಕೇಳಿದಳು: ನಾಯಿಗೆ ಅವಕಾಶವುಂಟೆ? ಹಗ್ಗವಿಲ್ಲದೆ ನಡೆಸಬಹುದಾದ ಜಾಗವುಂಟೆ? ಹತ್ತಿರದ ಪಶುವೈದ್ಯರು ಎಷ್ಟು ದೂರ? ಉತ್ತರಗಳನ್ನು ಬರೆದ ಕಾಗದವು ಬಂಡಿಮನೆಯ ಬಾಗಿಲ ಹಿಂದೆ ಅಂಟಿಕೊಂಡಿದೆ.

ಆ ಕಣಿವೆಗಳು ಕುರಿಗಳ ರಾಜ್ಯ. ಕುರಿಯನ್ನು ಬೆದರಿಸುವ ನಾಯಿಯ ಯಜಮಾನನು ೧೯೫೩ರ ಶಾಸನದಂತೆ ಅಪರಾಧಿ. ಮಾರ್ಚಿ ೧ರಿಂದ ಜುಲೈ ೩೧ರವರೆಗೆ ಸಾರ್ವಜನಿಕ ಪ್ರವೇಶವುಳ್ಳ ಗುಡ್ಡಗಾಡಿನಲ್ಲಿ ನಾಯಿಯನ್ನು ಎರಡು ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲಿ ಹಿಡಿದಿರಬೇಕು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಕಾಲವದು. ನಾವು ಹೋಗುವುದು ಆಗಸ್ಟಿನಲ್ಲಾದರೂ ಕುರಿ ಕಂಡಲ್ಲೆಲ್ಲ ಹಗ್ಗ ತಪ್ಪದು. ದನಗಳು ಮೇಲೆ ಬಂದರೆ ಮಾತ್ರ ಹಗ್ಗವನ್ನು ಬಿಟ್ಟುಬಿಡಬೇಕಂತೆ. ದನದ ಕೋಪ ನಾಯಿಯ ಮೇಲೆಯೇ ಹೊರತು ಮನುಷ್ಯನ ಮೇಲಲ್ಲ, ಬಿಟ್ಟರೆ ಇಬ್ಬರೂ ಉಳಿದಾರು. ಬ್ರಿಟನ್ನಿನಲ್ಲಿ ಸ್ವಾಭಾವಿಕವಾಗಿ ಇರುವ ವಿಷಸರ್ಪ ಆ್ಯಡರ್ ಎಂಬುದೊಂದೇ. ಹಾವಿಗಿಂತ ಹೆಚ್ಚು ಎಚ್ಚರಿಕೆ ಉಣ್ಣೆಯ ವಿಷಯದಲ್ಲಿ ಬೇಕು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಆ ಜಂತುವಿನ ಬಂಧುಗಳು ಇಲ್ಲಿಯೂ ಇದ್ದು, ಲೈಮ್ ಎಂಬ ರೋಗವನ್ನು ಮನುಷ್ಯರಿಗೂ ನಾಯಿಗೂ ತಗಲಿಸುತ್ತವೆ. ಪ್ರತಿ ಸಂಜೆ ಗುಂಡನ ಕಿವಿಯ ಹಿಂಬದಿ, ಕಂಕುಳು, ಬೆರಳ ಸಂದುಗಳನ್ನು ತಡವಿ ನೋಡುವ ಕೆಲಸ ಮೊಮ್ಮಗನದು.

ಹಾಸ್‌ನಿಂದ ಆರು ಮೈಲು ದೂರದಲ್ಲಿ ಗಾರ್ಸ್‌ಡೇಲ್ ಎಂಬ ಸಣ್ಣ ರೈಲು ನಿಲ್ದಾಣವುಂಟು. ಈ ಪ್ರವಾಸದಲ್ಲಿ ನಾವು ನೋಡಲೇಬೇಕೆಂದು ಹಟ ಹಿಡಿದಿರುವ ಸ್ಥಳ ಅದೊಂದೇ. ೧೯೮೦ರ ದಶಕದಲ್ಲಿ ಸೆಟಲ್–ಕಾರ್ಲೈಲ್ ರೈಲು ಮಾರ್ಗವನ್ನು ಮುಚ್ಚಬೇಕೆಂದು ಸರ್ಕಾರದ ವಿಚಾರವಿತ್ತು. ಅದನ್ನು ಉಳಿಸಲು ಹೋರಾಡಿದವರಲ್ಲಿ ಗ್ರಹಾಂ ನಟಾಲ್ ಎಂಬುವರು ಪ್ರಮುಖರು. ಮುಚ್ಚಬಾರದೆಂದು ಸಲ್ಲಿಸಿದ ಮನವಿಗೆ ಸುಮಾರು ೩೨,೦೦೦ ಜನರು ರುಜು ಹಾಕಿದರು; ರಸ್‌ವಾರ್ಪ್ ಎಂಬ ನಟಾಲರ ನಾಯಿಯೂ ಅದೇ ಮಾರ್ಗದ ಪ್ರಯಾಣಿಕನೆಂಬ ಕಾರಣದಿಂದ ಅದರ ಪಂಜದ ಗುರುತನ್ನೂ ರುಜುವಾಗಿ ಸ್ವೀಕರಿಸಿದರು. ೧೯೮೯ರಲ್ಲಿ ಮಾರ್ಗ ಉಳಿಯಿತು. ಮರುವರ್ಷ ಜನವರಿ ೨೦ರಂದು ನಟಾಲರು ನಾಯಿಯೊಡನೆ ವೇಲ್ಸಿನ ಬೆಟ್ಟಗಳಿಗೆ ನಡೆಯಲು ಹೋದವರು ಹಿಂದಿರುಗಲಿಲ್ಲ. ಏಪ್ರಿಲ್ ೭ರಂದು ತೊರೆಯೊಂದರ ಬಳಿ ಅವರ ದೇಹ ಸಿಕ್ಕಿತು. ಹನ್ನೊಂದು ವಾರಗಳ ಚಳಿಗಾಲವನ್ನು ಕಳೆದು, ಹದಿನಾಲ್ಕು ವರ್ಷದ ಆ ಮುದಿನಾಯಿ ಪಕ್ಕದಲ್ಲೇ ಇತ್ತು. ನಡೆಯಲಾರದ ಅದನ್ನು ಹೊತ್ತು ತಂದರು. ಯಜಮಾನನ ಅಂತ್ಯಕ್ರಿಯೆಯನ್ನು ಕಂಡು, ಸ್ವಲ್ಪ ಕಾಲದಲ್ಲೇ ಅದೂ ಸತ್ತಿತು. ೨೦೦೯ರಲ್ಲಿ ಗಾರ್ಸ್‌ಡೇಲ್ ನಿಲ್ದಾಣದಲ್ಲಿ ಅದರ ಲೋಹಮೂರ್ತಿಯನ್ನು ನಿಲ್ಲಿಸಿದ್ದಾರೆ.

ನಂಬಿದುದನ್ನು ಬಿಡದ ಅರಸನ ಕಥೆಯನ್ನು ನಾವು ವರ್ಷವರ್ಷವೂ ಹೇಳಿದೆವು. ನಂಬಿದವನನ್ನು ಬಿಡದ ನಾಯಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ನಮಗೆ ಉಳಿದಿರುವ ಪಾಠ. ಸೇತುವೆಯ ಬಳಿ ನಿಂತಿದ್ದ ಕರಿಯನಿಗೆ ಇದರಿಂದ ಏನೂ ಆಗುವುದಿಲ್ಲವೆಂದು ಬಲ್ಲೆವು. ಇದು ಪ್ರಾಯಶ್ಚಿತ್ತವೆಂದು ನಾವು ಹೇಳುವುದಿಲ್ಲ.

ಕಳೆದ ಶನಿವಾರ ಪರೀಕ್ಷಾರ್ಥವಾಗಿ ಬಂಡಿಮನೆಯನ್ನು ಒಂದು ದಿನದ ಮಟ್ಟಿಗೆ ತಂದು, ಮನೆಯ ಮುಂದೆಯೇ ನಿಲ್ಲಿಸಿ, ಎಲ್ಲರೂ ಅದರಲ್ಲಿ ಒಂದು ರಾತ್ರಿ ಮಲಗಿದೆವು. ಇದನ್ನು ಹೊಸಬರೆಲ್ಲರೂ ಮಾಡತಕ್ಕದ್ದು. ಮರೆತದ್ದೇನೆಂಬುದು ಮನೆಯ ಬಾಗಿಲಲ್ಲೇ ತಿಳಿದುಬರುತ್ತದೆ. ನಮಗೆ ಬೆಂಕಿಕಡ್ಡಿ, ನೀರಿನ ಕೊಳವೆಯ ತಿರುಪು ಮತ್ತು ಗುಂಡನ ಮಾತ್ರೆಗಳು ಒಳಗಿಲ್ಲವೆಂದು ತಿಳಿಯಿತು. ನಡುರಾತ್ರಿ ಗುಂಡನು ಎದ್ದು, ಕತ್ತಲಲ್ಲಿ ಒಬ್ಬೊಬ್ಬರ ಹಾಸಿಗೆಯ ಬಳಿಗೂ ಹೋಗಿ ಮೂಸಿ, ಬಾಗಿಲು ತೆರೆದು ಗುಡಾರದಲ್ಲಿದ್ದ ಅಳಿಯನನ್ನೂ ನೋಡಿ ಬರುವವರೆಗೆ ಕುಂಯ್‌ಗುಟ್ಟಿ, ಎಲ್ಲರೂ ಇದ್ದ ಲೆಕ್ಕ ಸರಿಯಾದ ಮೇಲೆ ಕಂಬಳಿಯ ಮೇಲೆ ಸುತ್ತಿಕೊಂಡು ಮಲಗಿತು. ಬೆಳಿಗ್ಗೆ ನೋಡಿದರೆ, ಬಂಡಿಮನೆಯ ಒಲೆಯ ಮುಂದೆ ಗೃಹಿಣಿಯು ರಂಗೋಲಿಯ ಗೆರೆಯನ್ನು ಎಳೆದಿರಲಿಲ್ಲ. ಜಾಗ ಸಾಲದೆಂದು ಹೇಳಿದಳು.

ನಮ್ಮ ವಾಚಕರಲ್ಲಿ ಕ್ಯಾರವಾನ್ ಕಟ್ಟಿಕೊಂಡು ಹೋಗುವವರು ಕೆಲವರೇ ಇರಬಹುದು. ಆದರೆ ವರ್ಗವಾಗಿ ಊರು ಬಿಡುವವರು, ಹಳೆಯ ಮನೆ ಮಾರಿ ಮಕ್ಕಳ ಬಳಿಗೆ ಹೊರಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಲಾರಿಗೆ ಸಾಮಾನಿನ ಪಟ್ಟಿ ಬರೆಯುವಾಗ ಜಗಲಿಯ ಕಡೆಗೆ ಒಮ್ಮೆ ನೋಡಿರಿ. ಕರೆದೊಯ್ಯಲು ಸಾಧ್ಯವಾದರೆ ಅದನ್ನು ಮೊದಲು ಬರೆಯಿರಿ. ಸಾಧ್ಯವಿಲ್ಲದಿದ್ದರೆ, ಅನ್ನ ಹಾಕುವ ಒಬ್ಬರನ್ನು ಹೆಸರು ಹಿಡಿದು ಗೊತ್ತುಮಾಡಿ, ಆಮೇಲೆ ಅವರಿಗೊಂದು ಕಾಗದವನ್ನಾದರೂ ಬರೆಯಿರಿ. ಯಾರಾದರೂ ನೋಡಿಕೊಂಡಾರು ಎಂಬ ಮಾತಿಗೆ ಅರ್ಥವಿಲ್ಲ. ಆ ಯಾರಾದರೂ ಎಂಬುವರು ನಾವೇ ಆಗಿದ್ದೆವು.

ತಾಳೆಗರಿಯ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ತಪ್ಪದೆ ಮುಗಿಸುತ್ತೇವೆ.